ಹಸುವಿನದಲ್ಲದ ಮೊಸರು: ರುಚಿ ನೋಡುವ ಮುನ್ನ



ತಮ್ಮ ಮುಂದೆ ನಾಲ್ಕು ಬಟ್ಟಲುಗಳಿವೆ. ಒಂದರಲ್ಲಿರುವುದು ಹಸುವಿನ ಹಾಲಿನ ಮೊಸರು. ಉಳಿದವು ಶೇಂಗಾ, ಸೋಯಾ ಮತ್ತು ತೆಂಗಿನಕಾಯಿಯ ಹಾಲಿಗೆ ಹೆಪ್ಪು ಹಾಕಿ ಮಾಡಿದವು. ಬಟ್ಟಲುಗಳ ಮೇಲೆ ಹೆಸರಿಲ್ಲ. ಅಡ್ಡಾದಿಡ್ಡಿಯಾಗಿ ಆರಿಸಿದ ಮೂರಂಕಿಯ ಸಂಖ್ಯೆಗಳಷ್ಟೇ ಇವೆ. ಒಂದು, ಎರಡು ಎಂದು ಬರೆದರೆ ನಾಲಿಗೆಗಿಂತ ಮೊದಲೇ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಆಹಾರ ಪ್ರಯೋಗಾಲಯಗಳ ಈ ಕ್ರಮವು ಹಳ್ಳಿಯ ಜಗಲಿಗೂ ಸಲ್ಲುತ್ತದೆ. ಮೊದಲು ಉಪ್ಪಿಲ್ಲದೆ, ಸಕ್ಕರೆಯಿಲ್ಲದೆ ಒಂದೊಂದು ಚಮಚ ಸವಿಯಬೇಕು. ನಡುನಡುವೆ ನೀರು ಕುಡಿಯಬೇಕು. ಶೇಂಗಾ ಅಥವಾ ಸೋಯಾ ಒಗ್ಗದವರು ದಯವಿಟ್ಟು ದೂರವಿರಬೇಕು.

ಮೊಸರಿನ ನಾಡಿನಲ್ಲಿ ಇದೇಕೆ ಎಂದು ಹಿರಿಯರು ಕೇಳುವುದು ಸಹಜ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದವರು ಅನೇಕರಿದ್ದಾರೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದು ಪಾಲನ್ನು ತಿಂದು ಮುಗಿಸುವುದರಿಂದ ಅವರಲ್ಲಿ ಹಲವರಿಗೆ ಮೊಸರು ಒಗ್ಗುತ್ತದೆ. ಆದರೆ ಹಾಲಿನ ಪ್ರೋಟೀನೇ ಅಲರ್ಜಿಯಾದ ಮಗುವಿಗೆ ಮೊಸರೂ ವಿಷವೇ. ಅಂಥ ಮನೆಯ ತಾಯಿಗೆ ಇದು ಪಟ್ಟಣದ ಷೋಕಿಯಲ್ಲ.

ಹಾಲು ಮೊಸರಾಗುವುದು ಕೇಸೀನ್ ಎಂಬ ಪ್ರೋಟೀನಿನ ದೆಸೆಯಿಂದ. ಹುಳಿ ಏರಿದಂತೆ ಅದರ ಕಣಗಳು ಒಂದಕ್ಕೊಂದು ಅಂಟಿ, ಬಲೆ ಹೆಣೆದು, ನೀರನ್ನು ಹಿಡಿದಿಡುತ್ತವೆ. ಸಸ್ಯಗಳಲ್ಲಿ ಕೇಸೀನ್ ಇಲ್ಲ. ಸೋಯಾ ಹಾಲಿನಲ್ಲಿ ಬೇರೆ ಪ್ರೋಟೀನು ಸಾಕಷ್ಟಿರುವುದರಿಂದ ಅದು ಚೆನ್ನಾಗಿಯೇ ಹೆಪ್ಪಾಗುತ್ತದೆ. ಅದರ ದೋಷವೆಂದರೆ ಹಸಿಕಾಳಿನ ವಾಸನೆ. ಕಾಳನ್ನು ತಣ್ಣೀರಿನಲ್ಲಿ ರುಬ್ಬಿದಾಗ ಕಿಣ್ವವೊಂದು ಅದರ ಎಣ್ಣೆಯ ಮೇಲೆ ಕೆಲಸ ಮಾಡಿ ಈ ವಾಸನೆಯನ್ನು ಹುಟ್ಟಿಸುತ್ತದೆ. ಕುದಿಯುವ ನೀರು ಹಾಕಿ ರುಬ್ಬಿದರೆ ಬಹುಮಟ್ಟಿಗೆ ತಪ್ಪುತ್ತದೆ.

ತೆಂಗಿನ ಹಾಲಿನ ಕಥೆ ಬೇರೆ. ಅಲ್ಲಿರುವುದು ಹೆಚ್ಚಾಗಿ ಕೊಬ್ಬು, ಪ್ರೋಟೀನು ಅತ್ಯಲ್ಪ. ಆದ್ದರಿಂದ ಹುಳಿಯಾದರೂ ಗಟ್ಟಿಯಾಗುವುದಿಲ್ಲ, ಮೇಲೆ ಕೆನೆ, ಕೆಳಗೆ ನೀರು. ಅಂಗಡಿಯ ಡಬ್ಬಿಗಳಲ್ಲಿ ಅದನ್ನು ನಿಲ್ಲಿಸುವುದು ಮರಗೆಣಸಿನ ಪಿಷ್ಟ, ಪೆಕ್ಟಿನ್ ಅಥವಾ ಅಗರ್. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ, ಶೀತಪೆಟ್ಟಿಗೆಯಲ್ಲಿ ಕಲ್ಲಿನಂತಿದ್ದದ್ದು ಬಿಸಿ ಅನ್ನದ ಮೇಲೆ ಮಜ್ಜಿಗೆಯಾಗಿಬಿಡುತ್ತದೆ! ರುಚಿಯಲ್ಲಿ ಸಿಹಿ ಮುಂದೆ, ಹುಳಿ ಹಿಂದೆ. ಮೊಸರನ್ನ ಬಯಸುವವರಿಗೆ ಇದು ಒಗ್ಗದು. ಒಂದೆಲಗದ ತಂಬುಳಿಗೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಮನೆಯಲ್ಲಿ ಮಾಡುವವರಿಗೆ ಶೇಂಗಾ ಮೇಲು. ಒಂದು ಲೋಟ ಕಾಳನ್ನು ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಮೂರು ಲೋಟ ನೀರಿನೊಡನೆ ನುಣ್ಣಗೆ ರುಬ್ಬಿ ಸೋಸಬೇಕು. ತಳ ಹಿಡಿಯದಂತೆ ಕುದಿಸಿ, ಬೆರಳು ತಾಳುವಷ್ಟು ಬೆಚ್ಚಗಾದಾಗ ಹೆಪ್ಪು ಹಾಕಬೇಕು. ಮೊದಲ ಬಾರಿಗೆ ತೊಳೆದ ಹಸಿಮೆಣಸಿನ ಐದಾರು ತೊಟ್ಟುಗಳು ಸಾಕು. ತೊಟ್ಟಿನ ಮೇಲಿನ ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ. ಆ ಬ್ಯಾಕ್ಟೀರಿಯಾಗಳು ಪ್ರತಿಸಲವೂ ಒಂದೇ ಬಗೆಯವಾಗಿರುವುದಿಲ್ಲ. ದುರ್ವಾಸನೆಯೋ ಬಣ್ಣದ ಬೂಷ್ಟೋ ಕಂಡರೆ ಚೆಲ್ಲಬೇಕು. ಮೊದಲ ಮೊಸರಿಗಿಂತ ಅದರಿಂದ ಹೆಪ್ಪು ಹಾಕಿದ ಎರಡನೆಯದು ಸೊಗಸಾಗಿರುತ್ತದೆ. ಆಷಾಢದ ಚಳಿಯಲ್ಲಿ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಬಳಿ ಇಡುವುದು ಅನಿವಾರ್ಯ. ಬೂಷ್ಟು ಹಿಡಿದ ಕಾಳನ್ನು ಮಾತ್ರ ಎಂದೂ ಬಳಸಬಾರದು. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಕುದಿಸಿದರೂ ನಾಶವಾಗುವುದಿಲ್ಲ.

ಇನ್ನು ಪರಿಸರದ ಲೆಕ್ಕ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಸೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,700 ಕೃಷಿಕ್ಷೇತ್ರಗಳ ಮಾಹಿತಿಯನ್ನು ಪ್ರಕಟಿಸಿದರು. ಅದರಂತೆ ಒಂದು ಲೀಟರ್ ಹಸುವಿನ ಹಾಲಿಗೆ ಸರಾಸರಿ 3.2 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ, 628 ಲೀಟರ್ ನೀರು ಬೇಕು. ಸೋಯಾ ಹಾಲಿಗೆ ಸುಮಾರು 1 ಕಿಲೋ, 28 ಲೀಟರ್. ಬಾದಾಮಿ ಹಾಲು 371 ಲೀಟರ್ ನೀರು ಕುಡಿಯುತ್ತದೆ, ಅದೂ ಬಹುಪಾಲು ಬರಪೀಡಿತ ಕ್ಯಾಲಿಫೋರ್ನಿಯಾದಲ್ಲಿ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಘಟ್ಟ ಹತ್ತಿಸುವುದರಲ್ಲಿ ಹಸುರೇನೂ ಕಾಣುವುದಿಲ್ಲ.

ಜಾಗತಿಕ ಸರಾಸರಿಯನ್ನು ಮಲೆನಾಡು ಗಿಡ್ಡದ ಕೊರಳಿಗೆ ಹಾಗೆಯೇ ಕಟ್ಟುವುದೂ ತರವಲ್ಲ. ಬೆಟ್ಟದಲ್ಲಿ ಮೇದು ಬರುವ ಈ ಹಸುವಿನ ಸಗಣಿ, ಕೊಟ್ಟಿಗೆಯ ಸೊಪ್ಪಿನೊಡನೆ ಸೇರಿ ಅಡಿಕೆ ತೋಟಕ್ಕೆ ಗೊಬ್ಬರವಾಗುತ್ತದೆ. ಹಾಲು ಅದರ ಜೊತೆಗೆ ಬರುವ ಲಾಭ. ಆದರೂ ಹಾಲು ಕಡಿಮೆಯಾದಷ್ಟೂ ಲೀಟರಿಗೆ ಬೀಳುವ ಮೀಥೇನ್ ಹೆಚ್ಚೆಂಬುದನ್ನು ಗೋಪ್ರೇಮಿಗಳು ಮರೆಯುವಂತಿಲ್ಲ. ಕೊಂಡ ಹಿಂಡಿಯಿಂದಲೇ ಬದುಕುವ ಮಿಶ್ರತಳಿಯ ಕೊಟ್ಟಿಗೆಗಳ ಲೆಕ್ಕ ಮತ್ತೆ ಬೇರೆ.

ಹೆಸರಿನ ಜಗಳವೂ ಇದೆ. 2017ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ಸಸ್ಯಜನ್ಯ ಪದಾರ್ಥಗಳನ್ನು ಹಾಲು, ಬೆಣ್ಣೆ, ಯೋಗರ್ಟ್ ಎಂಬ ಹೆಸರಿನಲ್ಲಿ ಮಾರಬಾರದೆಂದಿತು. ಹೆಸರೇನೇ ಇರಲಿ, ಕೊಳ್ಳುವವರು ನೋಡಬೇಕಾದದ್ದು ಡಬ್ಬಿಯ ಹಿಂಬದಿಯನ್ನು. ಹಸುವಿನ ಮೊಸರಿನ 100 ಗ್ರಾಮಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನಿರುತ್ತದೆ. ತೆಂಗಿನದರಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಇರದು. ಬಿ12 ಜೀವಸತ್ವವು ಹೊರಗಿನಿಂದ ಸೇರಿಸದ ಹೊರತು ಸಸ್ಯದ ಮೊಸರಿನಲ್ಲಿಲ್ಲ. ಎಳೆಯ ಮಕ್ಕಳಿಗೆ ಬದಲಿಯಾಗಿ ಕೊಡುವವರು ವೈದ್ಯರನ್ನು ಕೇಳಿಯೇ ಕೊಡಬೇಕು.

ಈಗ ಚಮಚಗಳನ್ನು ಎತ್ತಿಕೊಳ್ಳಬಹುದು. ಹುಳಿ, ವಾಸನೆ, ನಾಲಿಗೆಯ ಮೇಲಿನ ನುಣುಪು ಇವುಗಳನ್ನು ಸಂಖ್ಯೆಯ ಎದುರು ಬರೆಯಿರಿ. ಪಕ್ಕದವರ ಚೀಟಿ ನೋಡಬಾರದು. ಎಲ್ಲರೂ ಬರೆದ ಬಳಿಕ ಇದೇ ನಾಲ್ಕರಲ್ಲಿ ಮಾಡಿದ ಮಜ್ಜಿಗೆಹುಳಿ ಅನ್ನದೊಡನೆ ಬರುತ್ತದೆ. ಚೀಟಿಯ ಹಿಂಬದಿಯನ್ನು ಅದಕ್ಕೆಂದೇ ಖಾಲಿ ಬಿಡಲಾಗಿದೆ.