ಮಕ್ಕಳ ನೋವು ಶಮನ: ನರ್ಸಮ್ಮನ ಸಂಬಳ ಯಾರು ಕೊಡಬೇಕು?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಭಾಷಣದ ಪಠ್ಯ)



ಇಂದಿನ ವಿಷಯ ಮಕ್ಕಳ ಉಪಶಮನ ಆರೈಕೆ. ಆಸ್ಪತ್ರೆಗಳಲ್ಲಿ ಇದನ್ನು ಪ್ಯಾಲಿಯೇಟಿವ್ ಕೇರ್ ಅಂತಾರೆ. ಡಾಕ್ಟರು ‘ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂದ ಮೇಲೆ ಶುರುವಾಗುವ ಸೇವೆ ಇದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗಂಭೀರ ಕಾಯಿಲೆ ಗೊತ್ತಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ, ಮಗುವಿನ ನೋವು, ಉಸಿರಾಟದ ಕಷ್ಟ, ಫಿಟ್ಸ್, ನಿದ್ದೆಗೇಡು, ಭಯ ಇವನ್ನೆಲ್ಲ ಕಡಿಮೆ ಮಾಡುವ ಕೆಲಸ ಇದು. ಕ್ಯಾನ್ಸರ್ ಒಂದೇ ಅಲ್ಲ. ಸ್ನಾಯುಗಳು ಕ್ಷೀಣಿಸುವ ಡುಷೆನ್ ಕಾಯಿಲೆ, ತೀವ್ರವಾದ ಸೆರೆಬ್ರಲ್ ಪಾಲ್ಸಿ, ಹುಟ್ಟಿನಿಂದಲೇ ಬಂದ ಹೃದಯದ ತೊಂದರೆ, ಎಚ್.ಐ.ವಿ. ಇವೂ ಸೇರುತ್ತವೆ. ಕೆಲವು ಮಕ್ಕಳಿಗೆ ಕೆಲವೇ ವಾರ ಬೇಕಾಗುತ್ತದೆ, ಕೆಲವರಿಗೆ ಹತ್ತು-ಹದಿನೈದು ವರ್ಷ.

ವರ್ಷಕ್ಕೆ ಸುಮಾರು 25 ಲಕ್ಷ ಮಕ್ಕಳು ಇಂಥ ತೀವ್ರ ಯಾತನೆಯಲ್ಲೇ ಸಾಯುತ್ತಾರೆ ಎಂದು ಲ್ಯಾನ್ಸೆಟ್ ಆಯೋಗದ 2017ರ ವರದಿ ಅಂದಾಜು ಮಾಡಿತು. ಅವರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಮಕ್ಕಳು ನಮ್ಮಂಥ ಅಭಿವೃದ್ಧಿಶೀಲ ದೇಶಗಳವರು.

ಔಷಧಿ ಇಲ್ಲವೇ? ಇದೆ. ಬಾಯಿಂದ ಕೊಡುವ ಮಾರ್ಫಿನ್ ದುಬಾರಿಯೇನಲ್ಲ. 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುತ್ತಲೇ ಇರಲಿಲ್ಲ. 2014ರ ತಿದ್ದುಪಡಿ ಲೈಸೆನ್ಸಿನ ತೊಡಕನ್ನು ಸಾಕಷ್ಟು ಸಡಿಲಿಸಿತು. ಈಗ ಕೊರತೆ ಇರುವುದು ಕೊಡಬಲ್ಲವರದ್ದು. ಮಗುವಿಗೆ ತೂಕ ನೋಡಿ ಡೋಸ್ ಲೆಕ್ಕ ಹಾಕಬೇಕು. ತೂಕವೋ ತಿಂಗಳು ತಿಂಗಳಿಗೂ ಬದಲಾಗುತ್ತದೆ. ಎರಡು ವರ್ಷದ ಕೂಸು ‘ಇಲ್ಲಿ ನೋಯ್ತದೆ’ ಅನ್ನೋದಿಲ್ಲ. ಮುಖ, ಕಾಲು ಮಡಚುವ ರೀತಿ, ಅಳು ನೋಡಿ ತಿಳಿಯಬೇಕು. ಆರು ವರ್ಷದವನಿಗೆ ನಗುವ, ಅಳುವ ಮುಖಗಳ ಚಿತ್ರ ತೋರಿಸಿ ‘ನಿಂದು ಯಾವುದು?’ ಅಂತ ಕೇಳಬೇಕು. ಹನ್ನೆರಡರ ಹುಡುಗಿ ‘ನಾನು ಸಾಯ್ತೀನಾ?’ ಅಂತ ಕೇಳಿದರೆ ಏನು ಹೇಳೋದು? ಇದಕ್ಕೆ ಕಲಿಕೆ ಬೇಕು. ಕರುಣೆ ಒಂದೇ ಸಾಲದು.

ಹಾಗಾಗಿ ಪೂರ್ಣ ತಂಡ ಎಂದರೆ ತರಬೇತಾದ ವೈದ್ಯರು, ನರ್ಸ್, ಫಿಸಿಯೋಥೆರಪಿಸ್ಟ್, ಆಪ್ತ ಸಮಾಲೋಚಕರು, ಆಟ ಆಡಿಸುವವರು. ನಮ್ಮ ದೇಶದಲ್ಲಿ ಉಪಶಮನ ವೈದ್ಯಶಾಸ್ತ್ರದ ಎಂ.ಡಿ. ಕೋರ್ಸ್ ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಶುರುವಾದದ್ದೇ 2012ರಲ್ಲಿ. ಮಕ್ಕಳಿಗಾಗಿಯೇ ಕಲಿತವರು ಬಹಳ ವಿರಳ. ಪ್ರತಿ ತಾಲೂಕಿಗೂ ಇಂಥ ತಂಡ ಬರುತ್ತದೆ ಅಂತ ಕಾಯುವುದು ನಮಗೆ ಸರಿ ಕಾಣುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಒಂದು ತಜ್ಞ ತಂಡ, ಊರಿನ ಹತ್ತಿರ ಒಬ್ಬ ತರಬೇತಾದ ನರ್ಸ್, ನಡುವೆ ಫೋನು: ಇದು ಆಗುವ ಮಾತು. ಮಹಾರಾಷ್ಟ್ರದಲ್ಲಿ 2010ರಿಂದ ಬ್ರಿಟಿಷ್ ಸರಕಾರದ ಅನುದಾನದಲ್ಲಿ ನಡೆದ ಮಕ್ಕಳ ಉಪಶಮನ ಯೋಜನೆ ಮುಂಬೈಯ ಸಯಾನ್ ಆಸ್ಪತ್ರೆಯ ಜೊತೆಗೆ ಆದಿವಾಸಿ ಪ್ರದೇಶವಾದ ಜವ್ಹಾರದವರೆಗೂ ಹೋಗಿತ್ತು.

ಈಗ ದುಡ್ಡಿನ ಮಾತು. ಜಗತ್ತಿನ ಮೊದಲ ಮಕ್ಕಳ ಹಾಸ್ಪೈಸ್, ಹೆಲೆನ್ ಹೌಸ್, 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಆರಂಭವಾಯಿತು. ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಎಂಬ ಆಂಗ್ಲಿಕನ್ ಸನ್ಯಾಸಿನಿ ಅದರ ಸ್ಥಾಪಕಿ. ಇಂದು ಇಂಗ್ಲೆಂಡಿನಲ್ಲಿ ಇಂಥವು ಹಲವು ಇವೆ. 2023-24ರಲ್ಲಿ ಅವಕ್ಕೆಲ್ಲ ಸೇರಿ ಸಿಕ್ಕ ಕೇಂದ್ರೀಯ ಅನುದಾನ 2.5 ಕೋಟಿ ಪೌಂಡ್. ಖರ್ಚಿನ ಬಹುಪಾಲು ಬರುವುದು ಮಾತ್ರ ಜನರ ದಾನದಿಂದ, ಉಯಿಲುಗಳಿಂದ, ಹಳೆ ಬಟ್ಟೆ ಮಾರುವ ಅಂಗಡಿಗಳಿಂದ. ಅಷ್ಟು ದೊಡ್ಡ ಸರಕಾರಿ ಆರೋಗ್ಯ ಸೇವೆ ಇರುವ ದೇಶದಲ್ಲೂ ಹಳೆ ಕೋಟು ಮಾರಿ ನರ್ಸಿಗೆ ಸಂಬಳ ಕೊಡ್ತಾರೆ ನೋಡಿ!

ನಮ್ಮಲ್ಲಿ ಕೇಂದ್ರ ಸರಕಾರ 2012ರಲ್ಲಿ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ ತಂದಿತು. ಅದಕ್ಕೆ ಪ್ರತ್ಯೇಕ ಬಜೆಟ್ ಇಡಲಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲೇ ರಾಜ್ಯಗಳು ಕೇಳಿ ಪಡೆಯಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಗೆ ಪ್ಯಾಕೇಜ್ ಲೆಕ್ಕದಲ್ಲಿ ಹಣ ಕೊಡುತ್ತದೆ. ನರ್ಸಮ್ಮ ಬಸ್ಸಿನಲ್ಲಿ ಹೋಗಿ, ಮಗುವಿನ ಪಕ್ಕ ಒಂದು ಗಂಟೆ ಕೂತು, ತಾಯಿಗೆ ಔಷಧಿ ಕೊಡುವುದನ್ನು ಕಲಿಸಿ ಬಂದರೆ ಅದಕ್ಕೆ ಅಲ್ಲಿ ಜಾಗವಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ಯೋಜನೆಗಳಿಗೂ ಮೂರು-ನಾಲ್ಕು ವರ್ಷದ ಗಡುವು. ದಾನಿಗಳು ಕಟ್ಟಡ, ಆಂಬುಲೆನ್ಸ್ ಖುಷಿಯಿಂದ ಕೊಡ್ತಾರೆ. ನರ್ಸಮ್ಮನ ಸಂಬಳದ ಮೇಲೆ ಯಾರ ಹೆಸರನ್ನೂ ಕೆತ್ತಿಸೋಕೆ ಆಗೋದಿಲ್ಲವಲ್ಲ!

ಈ ಗಂಟನ್ನು ಸ್ವಲ್ಪವಾದರೂ ಬಿಚ್ಚಿದವರು ಪಕ್ಕದ ಕೇರಳದವರು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಉಪಶಮನ ಸಂಘ ಹುಟ್ಟಿತು. ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯವರೇ ಘಟಕ ಕಟ್ಟಿದರು. ಅಂಗಡಿಗಳಲ್ಲಿ ಡಬ್ಬಿ, ಶಾಲಾಮಕ್ಕಳ ಚಿಲ್ಲರೆ, ಮನೆಮನೆಯಿಂದ ತಿಂಗಳಿಗಿಷ್ಟು. 2008ರಲ್ಲಿ ರಾಜ್ಯ ಸರಕಾರ ನೀತಿ ಮಾಡಿತು. ಪಂಚಾಯಿತಿಗಳು ತಮ್ಮ ಯೋಜನಾ ಹಣದಿಂದ ಮನೆ ಭೇಟಿಯ ನರ್ಸಿಗೆ ಸಂಬಳ ಕೊಡತೊಡಗಿದವು. ಆದರೆ ಆ ವ್ಯವಸ್ಥೆ ಮುಖ್ಯವಾಗಿ ದೊಡ್ಡವರನ್ನು ನೋಡಿ ಕಟ್ಟಿದ್ದು. ಮಕ್ಕಳ ವಿಷಯದಲ್ಲಿ ಸ್ವಯಂಸೇವಕರ ಪ್ರೀತಿ ತಜ್ಞ ನರ್ಸಿನ ಜಾಗ ತುಂಬಲಾರದು. ಆದ್ದರಿಂದ ನಾವು ಕೂಡಿಸುವ ಹಣ ಮೊದಲು ನರ್ಸಿನ ತರಬೇತಿಗೆ, ಸಂಬಳಕ್ಕೆ, ಬಸ್ ಚಾರ್ಜಿಗೆ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಸಿಗೆ, ವೀಲ್‌ಚೇರ್ ಹೇಗಾದರೂ ಹೊಂದಿಸಬಹುದು.

ಲೆಕ್ಕ ಹಾಕೋಣ. ಸಂಬಳ, ಪ್ರಯಾಣ ಸೇರಿ ತಿಂಗಳಿಗೆ 30,000 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 50 ರೂಪಾಯಿ ಕೊಡುವ 600 ಮನೆಗಳು ಸಾಕು. ಒಂದು ಸಂಘದಲ್ಲಿ 15 ಮಂದಿ ಅಂದರೆ 40 ಸಂಘಗಳು. ಒಮ್ಮೆ ಕೊಟ್ಟು ಸುಮ್ಮನಾಗುವ 5,000ಕ್ಕಿಂತ ತಪ್ಪದೆ ಬರುವ ಈ 50 ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಸಂಬಳ ಪ್ರತಿ ತಿಂಗಳೂ ಕೊಡಬೇಕು.

ಊಟದ ನಂತರ ಗುಂಪುಗಳಲ್ಲಿ ಕೂತಾಗ ಮೂರು ವಿಷಯ ಬರೆದುಕೊಡಿ. ನಿಮ್ಮ ಊರಲ್ಲಿ ಹಾಸಿಗೆ ಹಿಡಿದ ಮಕ್ಕಳಿರುವ ಮನೆ ಎಷ್ಟು? (ಸಂಖ್ಯೆ ಸಾಕು, ಮಗುವಿನ ಹೆಸರು, ಕಾಯಿಲೆ ಬರೆಯಬೇಡಿ.) ಮಾರ್ಫಿನ್ ಸಿಗುವ ಆಸ್ಪತ್ರೆ ಎಷ್ಟು ದೂರ? ನಿಮ್ಮ ಸಂಘದಲ್ಲಿ ತಿಂಗಳಿಗೆ 50 ರೂಪಾಯಿ ತಪ್ಪದೆ ಕೊಡಬಲ್ಲವರು ಎಷ್ಟು ಜನ? ಚೀಟಿಗಳನ್ನು ಹೊರಡುವ ಮೊದಲು ಮೇಜಿನ ಮೇಲೆ ಇಟ್ಟು ಹೋಗಿ.