ಮಂಗಳೂರಿ ಕೌಲ: ಹಳೇ ಬಂದರಿನ ಗೋದಾಮುಗಳನ್ನು ಓದೋದು ಹೇಗೆ?

ಚಿಕಲಠಾಣಾದ ಎಂಐಡಿಸಿಯಲ್ಲಿ ನಿಂತು ಬಂದರಿನ ಗೋದಾಮುಗಳ ಬಗ್ಗೆ ಮಾತಾಡ್ತೀನಿ ಅಂದ್ರೆ ನಗು ಬರಬಹುದು. ಸಮುದ್ರ ಎಲ್ಲಿ, ನಾವೆಲ್ಲಿ! ಆದರೆ ಇಲ್ಲಿನ ಮರಾಠಿ ಹಿರಿಯರ ಹತ್ತಿರ ಕೆಂಪು ಹಂಚಿನ ಮಾಡು ತೋರಿಸಿ ಇದೇನು ಅಂತ ಕೇಳಿ. "ಮಂಗಳೂರಿ ಕೌಲ" ಅಂತಾರೆ. ನಾವು ಕೆಲಸ ಹುಡುಕಿಕೊಂಡು ಮಹಾರಾಷ್ಟ್ರಕ್ಕೆ ಬರೋ ಎಷ್ಟೋ ಮೊದಲೇ ನಮ್ಮೂರಿನ ಮಣ್ಣು ಬಂದಿತ್ತು.

ಕಥೆ ಶುರುವಾಗೋದು 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಒಂದಕ್ಕೊಂದು ಕೊಂಡಿಯಂತೆ ಕೂರುವ ಹಂಚನ್ನು ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲೇ ಮಾಡಿದ್ದರು. ಮಿಷನ್‌ಗೆ ಕಾರ್ಖಾನೆ ಯಾಕೆ? ಮತಾಂತರವಾದವರು ಜಾತಿಯ ಜೊತೆಗೆ ಕುಲಕಸುಬನ್ನೂ ಕಳೆದುಕೊಂಡಿದ್ದರು. ಅವರಿಗೆ ಅನ್ನದ ದಾರಿ ಬೇಕಿತ್ತು.

ಈಗ ಜಾಗ ನೋಡಿ. ಜೇಡಿಮಣ್ಣು, ಸೌದೆ ಎರಡೂ ನೇತ್ರಾವತಿ, ಗುರುಪುರ ನದಿಗಳಲ್ಲಿ ದೋಣಿ ಮೇಲೆ ಇಳಿದು ಬರುತ್ತಿದ್ದವು. ಸುಟ್ಟ ಹಂಚು ಮಂಜಿಗಳಲ್ಲಿ ಮುಂಬೈ ಕಡೆ ಹೋಗುತ್ತಿತ್ತು. ಮಳೆಗಾಲದಲ್ಲಿ ಕಡಲು ಬಂದ್. ಅಷ್ಟೂ ತಿಂಗಳು ಸರಕು ಕಾಯಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಗೋದಾಮು ಒಂದು ಬಫರ್.

ಹಾಗಾದರೆ ಅವು ಖಾಲಿಯಾದದ್ದು ಯಾಕೆ? ಒಂದೇ ಏಟಿಗೆ ಅಲ್ಲ. ಅಳಿವೆಯಲ್ಲಿ ಹೂಳು, ದೊಡ್ಡ ಹಡಗು ಒಳಗೆ ಬರೋ ಹಾಗಿಲ್ಲ. 1907ರಲ್ಲಿ ರೈಲು ಬಂತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಯ್ತು. ಆಮೇಲೆ ಮನೆಮನೆಗೂ ಕಾಂಕ್ರೀಟ್ ತಾರಸಿ. ಹಳೇ ದಕ್ಕೆ ಪೂರ್ತಿ ಸತ್ತಿಲ್ಲ. ಮೀನುಗಾರಿಕೆ ಇದೆ, ಲಕ್ಷದ್ವೀಪಕ್ಕೆ ಸಾಮಾನು ಹೋಗುತ್ತೆ. ಆದರೆ ಹಂಚಿನ ಕಾಲದ ಚಿಮಣಿಗಳು ಒಂದೊಂದಾಗಿ ಉರುಳಿದವು.

ನೆಲಕ್ಕೆ ಬೆಲೆ ಬಂದಿದೆ, ಗೋಡೆಗೆ ಇಲ್ಲ. ಕಟ್ಟಡ ಬಿದ್ದರೆ ಕಲ್ಲು-ಮರ ಬೇರೆ ಕಡೆ ಮಾರಾಟವಾಗುತ್ತೆ. ಆದರೆ ಮಣ್ಣು ಹದ ಮಾಡಿದವರ, ಭಟ್ಟಿ ಮುಂದೆ ನಿಂತವರ, ಹಂಚು ಹೊತ್ತ ಹೆಂಗಸರ ಕೆಲಸದ ಗುರುತು ಬೇರೆಲ್ಲೂ ಸಿಗಲ್ಲ. ಇತಿಹಾಸದ ಪುಸ್ತಕದಲ್ಲಿ ಪ್ಲೆಬ್ಸ್ಟ್ ಹೆಸರಿದೆ, ಅವರದ್ದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಒಂದು, ಪಾಳು ಕಟ್ಟಡಕ್ಕೆ ಅನುಮತಿ ಇಲ್ಲದೆ ನುಗ್ಗಬೇಡಿ. ಗೆದ್ದಲು ತಿಂದ ಪಕ್ಕಾಸಿಗೆ ನಿಮ್ಮ ಇನ್‌ಸ್ಟಾಗ್ರಾಮ್ ಗೊತ್ತಿಲ್ಲ. ಎರಡು, ಬಿದ್ದ ಹಂಚಿನ ಅಚ್ಚು ಓದಿ. 1865 ಅಂತ ಇದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಕಾಮನ್‌ವೆಲ್ತ್ ಹೆಸರಿದ್ದರೆ ಯುದ್ಧದ ನಂತರದ್ದು. ಮೂರು, ಮುಖ್ಯವಾದದ್ದು: ಅಲ್ಲಿ ದುಡಿದ ಅಜ್ಜ-ಅಜ್ಜಿ ಸಿಕ್ಕರೆ ಫೋನ್ ತೆಗೆದು ಅವರ ಮಾತು ರೆಕಾರ್ಡ್ ಮಾಡಿ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಯಾವ ಭಾಷೆಯಾದರೂ ಸರಿ.

ಇಲ್ಲೇ ಸುತ್ತಮುತ್ತ ಬೀಗ ಬಿದ್ದ ಶೆಡ್ ಕಂಡರೂ ಅದೇ ಪ್ರಶ್ನೆ ಕೇಳಿ: ಇಲ್ಲಿ ಏನು ಆಗ್ತಿತ್ತು, ಯಾರು ಮಾಡ್ತಿದ್ರು? ನಾಳೆ ನಮ್ಮ ಆಫೀಸುಗಳ ಬಗ್ಗೆಯೂ ಯಾರಾದರೂ ಕೇಳಲಿ ಅನ್ನೋ ಆಸೆ ಇದ್ದರೆ, ಇವತ್ತು ನಾವು ಕೇಳಬೇಕು.