ಶಿಬಿರದ ಅಕ್ಕ ಆಗುವ ಮೊದಲು

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಸ್ವಸಹಾಯ ಸಂಘಗಳಿಂದ ಮಕ್ಕಳ ಬೇಸಿಗೆ ಶಿಬಿರದ ಸೇವೆಗೆ ಬಂದ ಸದಸ್ಯರ ತಯಾರಿ ಸಭೆಯಲ್ಲಿ ಆಡಿದ ಮಾತು)



ಒಂದು ದಿನದ ಕೂಲಿ ಬಿಟ್ಟು, ಇಷ್ಟು ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದಿದ್ದೀರಿ. ಅದಕ್ಕೆ ಮೊದಲು ನೀರು ಕುಡೀರಿ, ಆಮೇಲೆ ಮಾತು.

ಶಿಬಿರದಲ್ಲಿ ನೀವು 'ಕೌನ್ಸೆಲರ್' ಆಗಿ ಇರಬೇಕು ಅಂತ ಹೇಳಿ ಕಳಿಸಿದಾಗ ಒಬ್ಬ ತಾಯಿ, "ಸಿಸ್ಟರ್, ಪುರಸಭೆ ಇಲೆಕ್ಷನ್‌ಗೆ ನಿಲ್ಲಸ್ತೀರೇನ್ರಿ?" ಅಂದರು. ಎಲ್ಲರೂ ನಕ್ಕೆವು. ಆ ಶಬ್ದ ಬಿಟ್ಟುಬಿಡೋಣ. ಮಕ್ಕಳು ನಿಮ್ಮನ್ನು 'ಅಕ್ಕಾ' ಅಂತಾರೆ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಅಕ್ಕ. ಆಡಿಸೋದು, ಹಾಡಿಸೋದು, ಉಣಿಸೋದು ನಿಮಗೆ ಯಾರೂ ಕಲಿಸಬೇಕಿಲ್ಲ. ಲಗೋರಿ, ಕುಂಟೆಬಿಲ್ಲೆ, ಗಜ್ಜುಗ ನಮಗಿಂತ ನಿಮಗೇ ಚೆಂದ ಬರುತ್ತದೆ. ನಾವು ಇವತ್ತು ಹೇಳಬೇಕಾದದ್ದು ಬೇರೆ.

ಈ ಶಿಬಿರ ಯಾಕೆ ಬೇಕು ಅನ್ನೋದು ನಿಮಗೆ ಗೊತ್ತು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆ ಇಲ್ಲ, ಬಿಸಿಯೂಟದ ಗದ್ದಲವೂ ಇಲ್ಲ. ತಾಯಿ ತಂದೆ ಗೋವಾಕ್ಕೋ, ಮಹಾರಾಷ್ಟ್ರಕ್ಕೋ, ಬೆಂಗಳೂರಿಗೋ ದುಡಿಯಲು ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ ಒಬ್ಬಳು, ನಾಲ್ಕು ಮಕ್ಕಳು. 1898ರಲ್ಲಿ ಅಮೆರಿಕದ ನ್ಯೂಯಾರ್ಕ್ ಶಹರದಲ್ಲಿ ಎಲಿಜಾ ಹಾಸ್ ಅನ್ನೋ ತಾಯಿ ರಜೆಯಲ್ಲಿ ಬೀದಿ ಅಲೆಯೋ ಬಡ ಮಕ್ಕಳನ್ನು ಕಂಡು, ಬಾಡಿಗೆ ಹಿಡಿದ ಸಾರಾಯಿ ಅಂಗಡಿಯ ಹಾಲ್‌ನಲ್ಲಿ ಬೇಸಿಗೆ ಬೈಬಲ್ ಶಾಲೆ ಶುರು ಮಾಡಿದಳು. ಇಂಥ ಶಿಬಿರಗಳ ಮೂಲಗಳಲ್ಲಿ ಅದೂ ಒಂದು. ನಮ್ಮದು ಬೇವಿನ ಗಿಡದ ಕೆಳಗೆ ನಡೆಯುತ್ತದೆ, ಅಷ್ಟೇ ಫರಕು.

ಇದು ಕ್ರೈಸ್ತ ಸಂಸ್ಥೆಯ ಶಿಬಿರ. ಬರೋ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ನೀವೂ ಬಹಳ ಮಂದಿ ಅಲ್ಲ. ಬೆಳಿಗ್ಗೆ ಒಂದು ಪ್ರಾರ್ಥನೆ, ಒಂದು ಬೈಬಲ್ ಕಥೆ ಇರುತ್ತದೆ. ಅದನ್ನು ಮನೆಯವರಿಗೆ ಮೊದಲೇ ಬಾಯಿಬಿಟ್ಟು ಹೇಳ್ರಿ. ಬೇಡ ಅಂದವರ ಮಗು ಆ ಹೊತ್ತಿಗೆ ಗಜ್ಜುಗ ಆಡಲಿ, ಉಳಿದದ್ದಕ್ಕೆ ಎಲ್ಲರ ಜೊತೆ ಇರಲಿ. ಇದರಲ್ಲಿ ಮುಚ್ಚುಮರೆ ಬೇಡ.

ಬಿಸಿಲಿನ ಮಾತು ಬೇಗ ಮುಗಿಸುತ್ತೇವೆ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಯನ್ನೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತಾರೆ. 40 ಡಿಗ್ರಿ ದಾಟಿದ ಮೇಲೆ ಮಕ್ಕಳನ್ನು ಬಯಲಲ್ಲಿ ಕುಣಿಸೋದು ಯಾವ ಸೇವೆ? ಆಟ ಹತ್ತು ಗಂಟೆಯೊಳಗೆ. ಮಜ್ಜಿಗೆ, ಲಿಂಬೆ ಪಾನಕ ಇರಲಿ. ವಾಂತಿ ಭೇದಿ ಆದರೆ ಓಆರ್‌ಎಸ್ ಪಾಕೀಟು. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಗುವನ್ನು ನಡೆಸದೆ ಸೀದಾ ದವಾಖಾನೆಗೆ ಒಯ್ಯಿರಿ. ಕಾಲುವೆ, ಕೃಷಿ ಹೊಂಡ, ಭೀಮಾ ನದಿ, ಆಲಮಟ್ಟಿ ಹಿನ್ನೀರು, ಎಲ್ಲಿಗೂ ಈಜಲು ಕರೆದೊಯ್ಯುವುದಿಲ್ಲ. ಇದಕ್ಕೆ ವಾದ ಬೇಡ.

ಈಗ ಮುಖ್ಯ ಮಾತು. ಎರಡನೇ ಮೂರನೇ ದಿನಕ್ಕೆ ಮಗುವಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಆಗ ಅದು ಪಾತ್ರೆ ತೊಳೆಯೋ ಹೊತ್ತಿಗೋ, ಜಡೆ ಹಾಕಿಸಿಕೊಳ್ಳೋ ಹೊತ್ತಿಗೋ ಮೆಲ್ಲಗೆ, "ಅಕ್ಕಾ, ಯಾರಿಗೂ ಹೇಳಂಗಿಲ್ಲ ಅಂದ್ರ ಒಂದು ಮಾತು ಹೇಳ್ತೀನಿ" ಅನ್ನುತ್ತದೆ. ನೀವು ಏನು ಅಂತೀರಿ? ಈಗ ಇಲ್ಲಿ ಕೇಳಿದರೆ ಎಲ್ಲರೂ, "ಹೇಳವ್ವಾ, ಯಾರಿಗೂ ಹೇಳಂಗಿಲ್ಲ" ಅಂತೀರಿ. ನಾವೂ ಅದನ್ನೇ ಅಂದಿದ್ದೆವು.

ಬಹಳ ವರ್ಷದ ಹಿಂದಿನ ಮಾತು. ಸಮಾಜಕಾರ್ಯದ ಎಂ.ಎ. ಪಾಸಾಗಿ ಬಂದ ಹೊಸದು, ಎಲ್ಲಾ ಗೊತ್ತು ಅನ್ನೋ ಜಂಬ ಇತ್ತು. ಏಳನೇ ಇಯತ್ತೆ ಮುಗಿಸಿದ ಹುಡುಗಿ ನಮ್ಮ ಕೈ ಮೇಲೆ ಕೈ ಇಟ್ಟು ಆಣೆ ಹಾಕಿಸಿಕೊಂಡಳು. ಸೋದರಮಾವನ ಜೊತೆ ಮದುವೆ ಗೊತ್ತಾಗಿದೆ, ತನಗೆ ಶಾಲೆ ಬಿಡಲು ಮನಸ್ಸಿಲ್ಲ ಅಂದಳು. ಆಣೆ ಮುರಿದರೆ ಅವಳ ನಂಬಿಕೆ ಮುರಿಯುತ್ತದೆ ಅಂತ ನಾಲ್ಕು ದಿನ ಸುಮ್ಮನಿದ್ದೆವು. ಶಿಬಿರ ಮುಗಿಸಿ ಮನೆಗೆ ಹೋಗಿ ತಾಯಿಯೊಂದಿಗೆ ಮಾತಾಡೋಣ ಅಂತ ಲೆಕ್ಕ ಹಾಕಿದ್ದೆವು. ಹೋದಾಗ ಬಾಗಿಲಿಗೆ ಕೀಲಿ. ಅಜ್ಜಿಯ ಊರಲ್ಲಿ ಅಕ್ಕಿಕಾಳು ಬಿದ್ದಿತ್ತು. ಎರಡು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಕಂಕುಳಲ್ಲಿ ಕೂಸು. "ನೀವು ಯಾರಿಗೂ ಹೇಳಲೇ ಇಲ್ಲಲ್ರಿ ಸಿಸ್ಟರ್" ಅಂದಳು. ಅದು ಮೆಚ್ಚುಗೆಯೋ ದೂರೋ, ಇವತ್ತಿಗೂ ನಮಗೆ ತಿಳಿದಿಲ್ಲ.

ಆದ್ದರಿಂದ ಆ ಮಾತು ಕೊಡಬೇಡಿ. ಬದಲಿಗೆ ಹೀಗೆ ಹೇಳ್ರಿ: "ನೀ ಹೇಳು, ನಾ ಪೂರ್ತಿ ಕೇಳ್ತೀನಿ. ನಿನಗ ತ್ರಾಸ ಆಗೋ ಮಾತಿದ್ರ, ಅದನ್ನ ಸರಿ ಮಾಡೋ ಒಬ್ಬಿಬ್ಬರಿಗೆ ಹೇಳಬೇಕಾಗ್ತದ. ಯಾರಿಗೆ ಹೇಳ್ತೀನಂತ ಮೊದಲ ನಿನಗ ಹೇಳ್ತೀನಿ." ಕೆಲವು ಮಕ್ಕಳು ಇದನ್ನು ಕೇಳಿ ಸುಮ್ಮನಾಗಿಬಿಡುತ್ತಾರೆ. ಆಗಲಿ. ಮರುದಿನವೂ ಜಡೆ ಹಾಕ್ರಿ, ಪಕ್ಕದಲ್ಲಿ ಕೂಡ್ರಿ. ಬಹಳ ಮಕ್ಕಳು ತಿರುಗಿ ಬರುತ್ತಾರೆ.

ಹೇಳುವಾಗ ನಡುವೆ ಬಾಯಿ ಹಾಕಬೇಡಿ. "ಅಯ್ಯೋ ಶಿವನೇ" ಅಂತ ಎದೆ ಬಡಿದುಕೊಂಡರೆ ಮಗು ತಾನೇ ತಪ್ಪು ಮಾಡಿದ್ದೇನೆ ಅಂದುಕೊಳ್ಳುತ್ತದೆ. "ಕಾಕಾ ಮಾಡಿದನಾ?" ಅಂತ ಹೆಸರು ನೀವೇ ಬಾಯಿಗೆ ಇಡಬಾರದು. ಮತ್ತೆ ಮತ್ತೆ ಹೇಳಿಸಬಾರದು. ಅದೇ ಸಂಜೆ ಮಗುವಿನ ಮಾತನ್ನು ಮಗು ಆಡಿದ ಹಾಗೇ ಬರೆದಿಡ್ರಿ. ಬರೆಯಲು ಬಾರದವರು ನಮ್ಮ ಹತ್ತಿರ ಬಂದು ಹೇಳ್ರಿ. ಕೂಡುವ ಜಾಗ ನಾಲ್ಕು ಜನರಿಗೆ ಕಾಣುವಂತಿರಲಿ, ಕೇಳದಂತಿರಲಿ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ಮಗುವಿನೊಂದಿಗೆ ದೊಡ್ಡವರು ಯಾರೂ ಒಬ್ಬರೇ ಇರಬಾರದು. ಯಾರೂ ಅಂದರೆ ಫಾದರ್ ಬಂದರೂ ಅಷ್ಟೇ, ನಾವಾದರೂ ಅಷ್ಟೇ.

ಇನ್ನು ಕಾನೂನು. 2012ರ ಪೋಕ್ಸೋ ಕಾಯ್ದೆಯಂತೆ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ದೊಡ್ಡವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವರ ಇಂಥ ತಪ್ಪು ಮುಚ್ಚಿದರೆ ಒಂದು ವರ್ಷದವರೆಗೆ ಜೈಲು. ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಹೊರಡಿಸಿದ ನಿಯಮದಲ್ಲೂ, ಸಭೆಯೊಳಗೇ ಇಂಥದು ನಡೆದರೆ ಗುರುಗಳು, ಸಿಸ್ಟರುಗಳು ಮುಚ್ಚಿಡದೆ ವರದಿ ಮಾಡಬೇಕು ಅಂತಿದೆ. ನಿಮಗೆ ಒಬ್ಬರೇ ಠಾಣೆಗೆ ಹೋಗಲು ಅಂಜಿಕೆ ಇದ್ದರೆ ಅದೇ ದಿನ ನಮಗೆ ಹೇಳ್ರಿ, ಕೂಡಿ ಹೋಗೋಣ. ಆ ಮನೆಗೆ ಹೋಗಿ ಜಗಳ ತೆಗೆಯಬೇಡಿ, ಮಗುವಿನ ಹೆಸರು ಎಲ್ಲಿಯೂ ಆಡಬೇಡಿ.

ಬಾಲ್ಯವಿವಾಹದ್ದು ನಮ್ಮ ಕಡೆ ಇನ್ನೂ ಹತ್ತಿರದ ಮಾತು. ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ, ಶಿಬಿರದ ಕಾಲಕ್ಕೇ ಬರುತ್ತದೆ. ಅಂದು ಲಗ್ನಗಳು ಬಹಳ. 2006ರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿಯಂತೆ 18 ತುಂಬದ ಹುಡುಗಿಯ, 21 ತುಂಬದ ಹುಡುಗನ ಮದುವೆ ಮದುವೆಯೇ ಅಲ್ಲ. 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಸಿಡಿಪಿಒ, ತಹಶೀಲ್ದಾರ್, ಪಂಚಾಯಿತಿ ಪಿಡಿಒ ಇವರಿಗೂ ತಿಳಿಸಬಹುದು.

ಹೇಳೋದು ಸುಲಭ, ಗೊತ್ತು. ಆ ಹುಡುಗಿಯ ತಾಯಿ ನಿಮ್ಮ ಸಂಘದ ಸದಸ್ಯೆಯೇ ಆಗಿರಬಹುದು. ಅವಳ ಸಾಲಕ್ಕೆ ನೀವು, ನಿಮ್ಮ ಸಾಲಕ್ಕೆ ಅವಳು ಜಾಮೀನು. ನಾಳೆ ಮುಖ ಹೇಗೆ ನೋಡೋದು? ಇಷ್ಟಕ್ಕೂ ಸಂಘದ ಸಾಲದ ಪುಸ್ತಕದಲ್ಲಿ 'ಮಗಳ ಮದುವೆ' ಅಂತ ಬರೆದು ದುಡ್ಡು ಎಣಿಸಿ ಕೊಡುವಾಗ, ಹುಡುಗಿಗೆ ಎಷ್ಟು ವಯಸ್ಸು ಅಂತ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನಾವೂ ಪುಸ್ತಕ ತಪಾಸಣೆ ಮಾಡುವಾಗ ಬಡ್ಡಿ ಸರಿ ಇದೆಯೋ ನೋಡಿ ಸಹಿ ಹಾಕಿದ್ದೇವೆ, ಅದನ್ನು ಕೇಳಲಿಲ್ಲ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿ ಸಿಟ್ಟಾದರು ಅಂತ ಮಾರ್ಕನ ಶುಭಸಂದೇಶದಲ್ಲಿದೆ. ಆ ಶಿಷ್ಯರೇನು ಕೆಟ್ಟವರಲ್ಲ, ಗದ್ದಲ ಬೇಡ ಅಂದವರು ಅಷ್ಟೇ. ಆ ಸಾಲಿನಲ್ಲಿ ನಾವೂ ನಿಂತವರು.

ಸಾಕು, ಭಾಷಣ ಬಹಳಾಯ್ತು. ಈಗ ಇಬ್ಬಿಬ್ಬರು ಜೋಡಿ ಆಗ್ರಿ, ಒಂದೇ ಊರಿನವರು ಬೇಡ. ಒಬ್ಬಾಕಿ ಮಗು, ಒಬ್ಬಾಕಿ ಅಕ್ಕ. ಮಗು ಆದಾಕಿ "ಯಾರಿಗೂ ಹೇಳಬ್ಯಾಡ್ರಿ" ಅಂತ ಶುರು ಮಾಡಲಿ. ಅಕ್ಕ ಏನು ಅಂತಾಳೆ, ನಾವು ನಡುವೆ ಅಡ್ಡಾಡಿ ಕೇಳ್ತೇವೆ. ನಗಬ್ಯಾಡ್ರಿ. ಹೂಂ, ಶುರು ಮಾಡ್ರಿ.